ಏರಿನಲ್ಲಿ ನಿಂತ ಗಾಡಿ

ಇನ್ಸ್‌ಪೆಕ್ಟರರು ಕಣ್ಣು ಮುಚ್ಚಿಕೊಂಡದ್ದೇ ಅಣ್ಣಯ್ಯನಿಗೆ ಕಷ್ಟವಾಯಿತು. ಕಣ್ಣು ಬಿಟ್ಟು ನೋಡುತ್ತ ಕೂತಿದ್ದರೆ ನೋಡುವವರಿಗೆ ಬೇಕಾದದ್ದನ್ನು ಮಾಡಿ ತೋರಿಸಬಹುದಿತ್ತು. ಕೈಯನ್ನು ಒಂದಿಷ್ಟು ಹೆಚ್ಚೇ ಚಾಚಿ ತಿರುವಿನ ಸೂಚನೆ ಕೊಡಬಹುದಿತ್ತು, ಬೆನ್ನು ನೆಟ್ಟಗೆ ಮಾಡಿ ಕೂರಬಹುದಿತ್ತು. ಆದರೆ ಕುಂದಾಪುರದ ಮುಸಾಫಿರ್ ಬಂಗಲೆಯ ಗೇಟು ದಾಟುತ್ತಿದ್ದಂತೆ ಅವರು ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಪಕ್ಕದ ಸೀಟಿಗೆ ತಲೆ ಒರಗಿಸಿ, ನಾನು ಬ್ರಹ್ಮಾವರದವರೆಗೆ ಹೀಗೆಯೇ ಇರುತ್ತೇನೆ, ನೀವು ಗೇರು ಯಾವಾಗ ಬದಲಾಯಿಸಿದಿರೆಂದು ನನಗೆ ತಿಳಿಯಬಾರದು, ಬಸ್ಸಿನಲ್ಲಿ ಬಾಣಂತಿಯರೂ ಕೂರುತ್ತಾರೆ, ಎಂದು ಮೆತ್ತಗೆ ಹೇಳಿ ಸುಮ್ಮನಾಗಿದ್ದರು. ಡ್ರೈವರುಗಳ ಪರೀಕ್ಷೆ ಮಾಡಲು ಮಂಗಳೂರಿನಿಂದ ಬಂದ ಮನುಷ್ಯ. ಗಟ್ಟಿಯಾಗಿ ಮಾತಾಡುವವರಲ್ಲ. ಬಯ್ಯುವ ಅಧಿಕಾರಿಯನ್ನು ನಿರೀಕ್ಷಿಸಿ ಎರಡು ರಾತ್ರಿ ನಿದ್ದೆಗೆಟ್ಟಿದ್ದ ಅಣ್ಣಯ್ಯನಿಗೆ ಈ ಮೆತ್ತಗಿನ ಮಾತೇ ಬಯ್ಗುಳದಂತೆ ಕೇಳಿಸಿತು. ಕಣ್ಣು ಮುಚ್ಚಿದವನ ಮುಂದೆ ಸುಳ್ಳು ಹೇಳುವುದು ಕಷ್ಟ. ದೇವರ ಮುಂದೆ ನಿಂತಾಗ ನಾವು ಕಣ್ಣು ಮುಚ್ಚುತ್ತೇವೆ. ಇಲ್ಲಿ ದೇವರೇ ಕಣ್ಣು ಮುಚ್ಚಿ ಕೂತಂತೆ ಆಗಿತ್ತು.

ಬೆಳಿಗ್ಗೆ ಬಂಗಲೆಯ ಜಗಲಿಯಲ್ಲಿ ಇನ್ನೂ ಇಬ್ಬರು ಡ್ರೈವರುಗಳ ಎದುರಿಗೆ ಅವರು ಅವನ ಎರಡೂ ಕೈ ನೀಡಿಸಿ, ಅಂಗೈ ಮೇಲೆ ಮಾಡಿಸಿ, ಭತ್ತ ನೋಡುವ ವ್ಯಾಪಾರಿಯಂತೆ ಬಗ್ಗಿ ನೋಡಿದ್ದರು. ಬೆರಳ ಬುಡದಲ್ಲಿ ಎದ್ದಿದ್ದ ದಡ್ಡನ್ನು ತೋರಿಸಿ ಇದು ಸ್ಟಿಯರಿಂಗಿನದ್ದಲ್ಲವಲ್ಲ ಎಂದರು. ಅಲ್ಲ ಸ್ವಾಮಿ, ಡೋಲಿನದ್ದು, ನಾವು ಬಿಜೂರಿನಲ್ಲಿ ದೇವಸ್ಥಾನಕ್ಕೆ ವಾದ್ಯ ಬಾರಿಸುವವರು, ಎಂದು ಅಣ್ಣಯ್ಯ ಹೇಳಿದಾಗ ಜಗಲಿಯ ತುದಿಯಲ್ಲಿ ಕೂತಿದ್ದ ಲಾರಿ ಡ್ರೈವರ ಗುಡ್ಡ ಎನ್ನುವವ, 'ಹಂಗಾರೆ ಬಸ್ಸಿಗೆ ಹಾರ್ನ್ ಬ್ಯಾಡ, ಮುಂದೊಂದ್ ಡೋಲ್ ಕಟ್ಟಿರಾಯ್ತ್' ಎಂದು ಯಾರಿಗೂ ಹೇಳದವನಂತೆ ಹೇಳಿದ. ಎಲ್ಲರೂ ನಕ್ಕರು. ಅಣ್ಣಯ್ಯನೂ ನಕ್ಕ. ನಕ್ಕು ಕೈಗಳನ್ನು ಹಿಂದಕ್ಕೆ ಎಳೆದುಕೊಂಡಾಗ ಅವು ತನ್ನವಲ್ಲ, ಯಾರೋ ಇಟ್ಟುಹೋದ ಸಾಮಾನು, ಜೋಪಾನ ಮಾಡಲು ತನಗೆ ಕೊಟ್ಟದ್ದು ಎನ್ನಿಸಿತು. ಹಾಗೆ ಅನ್ನಿಸುವುದು ಮೂರು ವರ್ಷದಿಂದ ಅಭ್ಯಾಸವಾಗಿತ್ತು. ಸ್ನಾನಕ್ಕೆ ಕೂತಾಗ ಹೆಂಡತಿ ಸುಗುಣ, 'ಹ್ವಾಯ್, ಎಷ್ಟ್ ಸಲ ಕೈ ತೊಳೀತ್ರಿ, ಚರ್ಮ ಹೋಪುವರೆಗಾ' ಎಂದು ಕೇಳಿದಾಗಲೆಲ್ಲ ಪೆಟ್ರೋಲಿನ ವಾಸನೆ ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದ.

ಕಾರು ಪ್ರೇಮಾನಂದ ಒಡೆಯರದ್ದು, ತೆಕ್ಕಟ್ಟೆಯಲ್ಲಿ ಅಕ್ಕಿ ಗಿರಣಿ ಇಟ್ಟವರು. ಯುದ್ಧ ಮುಗಿದು ವರ್ಷವಾಗಿದ್ದರೂ ಪೆಟ್ರೋಲು ಚೀಟಿಯ ಮೇಲೆಯೇ ಸಿಗುತ್ತಿತ್ತು. ಮನೆಯ ಹಿರಿಯರಿಗೆ ಈ ತಲೆನೋವು ಸಾಕಾಗಿ ಕಾರನ್ನು ಉಡುಪಿಯ ಒಬ್ಬರಿಗೆ ಕೊಟ್ಟುಬಿಡುವ ಮಾತಾಗಿತ್ತು. ಬರುವ ತಿಂಗಳಿಂದ ಅಣ್ಣಯ್ಯನಿಗೆ ಚಕ್ರವಿಲ್ಲ. ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸಿಗೆ ಆಳು ಬೇಕಾಗಿತ್ತು, ಆದರೆ ಜನ ತುಂಬಿದ ಗಾಡಿ ನಡೆಸಲು ಬೇರೆ ಪರೀಕ್ಷೆ, ಬೇರೆ ಬ್ಯಾಡ್ಜು. ಅದು ಸಿಕ್ಕಿದರೆ ಬಸ್ಸು. ಸಿಗದಿದ್ದರೆ ಬಿಜೂರಿಗೆ ವಾಪಸು ಹೋಗಿ ತಮ್ಮನ ಹಿಂದೆ ನಿಂತು ಡೋಲು. ಡೋಲು ಬಾರಿಸುವುದು ಅವಮಾನವೆಂದಲ್ಲ. ಅಪ್ಪ ಸಾಯುವ ಹಿಂದಿನ ದಿನದವರೆಗೂ ಬಾರಿಸಿದವರು, ದೇವರಿಗೆ ಬೆಳಗಾಗುವುದೇ ನಮ್ಮ ಕೈಯಿಂದ ಮಗಾ ಎನ್ನುತ್ತಿದ್ದವರು. ಅಣ್ಣಯ್ಯನಿಗೆ ಡೋಲೆಂದರೆ ಹೆದರಿಕೆ. ಅದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ.

ಕೋಟೇಶ್ವರ ದಾಟಿತು. ಗೇರು ಎರಡರಿಂದ ಮೂರಕ್ಕೆ. ಈ ಗಾಡಿಯ ಗೇರುಪೆಟ್ಟಿಗೆ ಹಳೆಯ ಕಾಲದ್ದು, ಸುಮ್ಮನೆ ದಂಡ ದೂಡಿದರೆ ಒಳಗೆ ಹಲ್ಲಿಗೆ ಹಲ್ಲು ತಾಗಿ ಎದೆ ಝಲ್ಲೆನ್ನುವಂತೆ ಕಿರುಚುತ್ತದೆ. ಕ್ಲಚ್ಚು ಒತ್ತಿ ದಂಡವನ್ನು ನಡುವಿಗೆ ತಂದು, ಕ್ಲಚ್ಚು ಬಿಟ್ಟು, ಇಂಜಿನ್ನಿನ ದನಿ ಸರಿಯಾದ ಮಟ್ಟಕ್ಕೆ ಇಳಿಯುವವರೆಗೆ ಒಂದು ಉಸಿರಿನಷ್ಟು ಕಾದು, ಮತ್ತೆ ಒತ್ತಿ ದೂಡಬೇಕು. ಉಳಿದವರು ಇದನ್ನು ಕಲಿಯಲು ಆರು ತಿಂಗಳು ತೆಗೆದುಕೊಂಡರೆ ಅಣ್ಣಯ್ಯನಿಗೆ ಎರಡು ದಿನ ಸಾಕಾಗಿತ್ತು. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವಿನ ಖಾಲಿಯನ್ನು ಹಿಡಿಯುವುದೇ ವಿದ್ಯೆ, ಪೆಟ್ಟು ಯಾರಾದರೂ ಹೊಡೆಯುತ್ತಾರೆ ಎಂದು ಅಪ್ಪ ಅವನ ಮೊಣಕಾಲಿನ ಮೇಲೆ ಬೆರಳಿನಿಂದ ತಟ್ಟಿ ಕಲಿಸಿದ್ದರು. ಆ ಖಾಲಿ ಈ ಇಂಜಿನ್ನಿನಲ್ಲೂ ಇತ್ತು. ದಂಡ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಇನ್ಸ್‌ಪೆಕ್ಟರರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎದುರಿಗೆ ಬಂದ ಎತ್ತಿನ ಗಾಡಿಗೆ ದಾರಿ ಬಿಟ್ಟದ್ದು, ಸೇತುವೆಯ ಬಳಿ ನಿಧಾನ ಮಾಡಿದ್ದು, ರಸ್ತೆಗೆ ಅಡ್ಡ ಬಂದ ಕರುವಿಗಾಗಿ ಮೂರರಿಂದ ಎರಡಕ್ಕೆ ಇಳಿದದ್ದು ಯಾವುದೂ ಆ ಮುಖವನ್ನು ಮುಟ್ಟಲಿಲ್ಲ. ಒಂದು ಕ್ಷಣ ಅಣ್ಣಯ್ಯನಿಗೆ ಖುಷಿಯಾಯಿತು, ಅದರ ಬೆನ್ನಿಗೇ ಆ ಖುಷಿಯ ಬಗ್ಗೆ ನಾಚಿಕೆಯಾಯಿತು. ಇಷ್ಟು ಬಲ್ಲ ಕೈ. ಇಷ್ಟು ಬಲ್ಲ ಕೈ ಅವತ್ತು ಎಲ್ಲಿತ್ತು?

ಎಲ್ಲಿತ್ತೆಂದು ಅವನಿಗೆ ಗೊತ್ತು. ಎದೆಯ ಮುಂದೆ ಮುಗಿದುಕೊಂಡಿತ್ತು. ತೆಕ್ಕಟ್ಟೆ ದಾಟಿದ ಮೇಲೆ ಮುರಕಲ್ಲಿನ ಒಂದು ಏರು ಬರುತ್ತದೆ. ಏರಿನ ನಡುವೆ, ಎಡಗಡೆಗೆ, ಹಾಯ್ಗುಳಿ ದೈವದ ಕಲ್ಲು. ಮೇಲೆ ಸೂರಿಲ್ಲ, ಸುತ್ತ ಗೋಡೆಯಿಲ್ಲ, ಒಂದು ಹಳೆಯ ಹೊನ್ನೆಮರದ ಬುಡದಲ್ಲಿ ಅರಿಶಿನ ಮೆತ್ತಿದ ಕಲ್ಲು ಅಷ್ಟೇ. ಆ ದಾರಿಯಲ್ಲಿ ಹೋಗುವ ಗಾಡಿಯವನು ಅಲ್ಲಿ ಒಂದು ಗಳಿಗೆ ನಿಂತು ಕೈ ಮುಗಿದು ಮುಂದೆ ಹೋಗಬೇಕು. ಯಾರು ಮಾಡಿದ ಕಟ್ಟಲೆಯೋ, ಯಾರೂ ಮೀರುವುದಿಲ್ಲ. ಬೇರೆ ಡ್ರೈವರುಗಳು ಒಂದು ಕೈಯನ್ನು ಎದೆಗೆ ಮುಟ್ಟಿಸಿ ಹೋಗುತ್ತಿದ್ದರು. ಅಣ್ಣಯ್ಯ ಮಾತ್ರ ಮೆಟ್ಟು ಕಳಚಿ, ಬರಿಗಾಲಲ್ಲಿ ಕ್ಲಚ್ಚನ್ನೂ ಆಕ್ಸಿಲರೇಟರನ್ನೂ ಒಂದಕ್ಕೊಂದು ತೂಗಿ ಹಿಡಿದು ಗಾಡಿಯನ್ನು ಏರಿನಲ್ಲಿ ಹಾಗೆಯೇ ನಿಲ್ಲಿಸಿ, ಎರಡೂ ಕೈ ಎತ್ತಿ ಮುಗಿಯುತ್ತಿದ್ದ. ಹಿಂದಿನ ಸೀಟಿನಲ್ಲಿ ಒಡೆಯರು ಜೊತೆಗಿದ್ದವರಿಗೆ ಹೇಳುವುದು ಅವನ ಕಿವಿಗೆ ಬೀಳುತ್ತಿತ್ತು, ನಮ್ಮ ಅಣ್ಣಯ್ಯನ ಭಕ್ತಿ ಕಾಣಿ, ಗಾಡಿ ಕೂಡ ಅವನ ಮಾತು ಕೇಳಿ ನಿಲ್ಲುತ್ತದೆ ಎಂದು. ಆ ಮಾತು ಕೇಳಿಸಿಕೊಳ್ಳಲಿಕ್ಕಾಗಿ ಅವನು ಕೈಯನ್ನು ಬೇಕಾದದ್ದಕ್ಕಿಂತ ಎರಡು ಉಸಿರು ಹೆಚ್ಚು ಹೊತ್ತು ಮುಗಿದಿರುತ್ತಿದ್ದ. ಈಗ ಕೂತು ಯೋಚಿಸಿದರೆ ಆ ಎರಡು ಉಸಿರಿನ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ. ಹಾಯ್ಗುಳಿಗೆ ಸಲ್ಲಬೇಕಾದ್ದು ಮೊದಲಿನ ಉಸಿರಿಗೇ ಸಂದಿತ್ತು. ಉಳಿದ ಎರಡು ಯಾರಿಗೆ ಮಾಡಿದ ಪೂಜೆ?

ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಬಹುದಿತ್ತು. ಅದನ್ನು ಹೊಸಬರು ಎಳೆಯುತ್ತಾರೆ. ಜೊತೆಗೆ, ಬ್ರೇಕಿನ ಮೇಲೆ ಒಂದು ಕೈ ಹೋದರೆ ಮುಗಿಯಲು ಉಳಿಯುವುದು ಒಂದೇ ಕೈ. ಮೂರು ವರ್ಷದ ಹಿಂದೆ, ಅವತ್ತು, ಅಂಗಾಲು ಬೆವತಿತ್ತು. ಜಾರಿತು. ಇಂಜಿನ್ನು ಒಮ್ಮೆ ಕೆಮ್ಮಿ ಸತ್ತಿತು. ಗಾಡಿ ಹಿಂದಕ್ಕೆ ಹೋಗುತ್ತಿದೆಯೆಂದು ತಿಳಿಯುವಷ್ಟರಲ್ಲಿ, ಮುಗಿದ ಕೈ ಬಿಡಿಸಿ ಕೆಳಗೆ ತರುವಷ್ಟರಲ್ಲಿ, ಹಿಂದೆ ಎತ್ತುಗಳ ಮೂಗುದಾರ ಹಿಡಿದು ಏರು ಹತ್ತುತ್ತಿದ್ದ ಎತ್ತಿನ ಗಾಡಿಯವ, ಕುಷ್ಟ ಎನ್ನುವವ, ಕೂಗಿದ್ದು ಕೇಳಿಸಿತು. ಅದು ಮನುಷ್ಯನ ಕೂಗೋ ಎತ್ತಿನದ್ದೋ ಎಂದು ಮೊದಲು ಗೊತ್ತಾಗಲಿಲ್ಲ. ಕಾರಿನ ಹಿಂಬದಿಗೂ ಗಾಡಿಯ ನೊಗಕ್ಕೂ ನಡುವೆ ಕುಷ್ಟನ ಬಲಗಾಲು ಸಿಕ್ಕಿತ್ತು, ಮೊಣಕಾಲಿನಿಂದ ಸ್ವಲ್ಪ ಕೆಳಗೆ.

ಜನ ಸೇರಿದರು. ಯಾರೋ ಕೇಳಿದಾಗ ಅಣ್ಣಯ್ಯನ ಬಾಯಿಂದ ಬಂದ ಮಾತು, ಇಂಜಿನ್ ನಿಂತರೆ ಈ ಏರಿನಲ್ಲಿ ಯಾವ ಗಾಡಿಯೂ ನಿಲ್ಲುವುದಿಲ್ಲ, ಹಿಡಿಯಲು ದೇವರೇ ಬರಬೇಕು, ಎನ್ನುವುದು. ಯೋಚಿಸಿ ಹೇಳಿದ್ದಲ್ಲ. ಕಾರಿನ ಹೊಟ್ಟೆಯೊಳಗೆ ಏನಿದೆಯೆಂದು ಅಲ್ಲಿ ಬಲ್ಲವರು ಯಾರೂ ಇರಲಿಲ್ಲ. ಒಡೆಯರು ಕೂಡ ಕಣ್ಣು ಮುಚ್ಚಿ ಕೈ ಮುಗಿದುಕೊಂಡಿದ್ದವರೇ. ಕೈ ಮುಗಿದವನಿಂದ ತಪ್ಪು ನಡೆಯುವುದಾದರೂ ಹೇಗೆ ಎಂದರು. ಹಿಡಿಯಬೇಕಾದ ದೇವರು ಯಾಕೆ ಹಿಡಿಯಲಿಲ್ಲ ಎನ್ನುವುದೇ ಎಲ್ಲರ ಪ್ರಶ್ನೆಯಾಯಿತು. ಪೊಲೀಸಿನವರೆಗೆ ಹೋಗುವುದು ಬೇಡ, ಹಾಯ್ಗುಳಿಯ ಎದುರು ಆದದ್ದು, ಹಾಯ್ಗುಳಿಯನ್ನೇ ಕೇಳುವ ಎಂದು ತೀರ್ಮಾನವಾಗಿ, ಮುಂದಿನ ಮಂಗಳವಾರ ಬೆಳಿಗ್ಗೆ ಅದೇ ಮರದಡಿ, ಪಾತ್ರಿಯ ಮೈಮೇಲೆ ದೈವ ಬಂದು ನುಡಿಯುವ ದರ್ಶನ ಇಟ್ಟರು. ವಾದ್ಯಕ್ಕೆ ಅಪ್ಪನನ್ನು ಕರೆದಿದ್ದರು. ಅಪ್ಪನಿಗೆ ಜ್ವರ. ಡೋಲು ಅಣ್ಣಯ್ಯನ ಹೆಗಲಿಗೆ ಬಂತು.

'ಯಾವ ಊರು ಇದು?' ಎಂದರು ಇನ್ಸ್‌ಪೆಕ್ಟರರು, ಕಣ್ಣು ತೆರೆಯದೆ.

ತೆಕ್ಕಟ್ಟೆ ಎಂದ ಅಣ್ಣಯ್ಯ. ಸಂತೆಯ ದಿನವಲ್ಲದ್ದರಿಂದ ರಸ್ತೆ ಖಾಲಿಯಿತ್ತು. ಅಂಗಡಿಯ ಜಗಲಿಯಿಂದ ಯಾರೋ ಕೈ ಎತ್ತಿದರು. ಅವನು ಎತ್ತಲಿಲ್ಲ, ಚಕ್ರದಿಂದ ಕೈ ತೆಗೆಯುವುದನ್ನು ಅವನು ಮೂರು ವರ್ಷದಿಂದ ಬಿಟ್ಟಿದ್ದಾನೆ. ಅದನ್ನು ಸೊಕ್ಕು ಎಂದು ತಿಳಿದವರಿದ್ದರು. ಏರಿನಲ್ಲಿಯೂ ಅವನು ನಿಲ್ಲುತ್ತಿರಲಿಲ್ಲ, ಎರಡನೇ ಗೇರಿನಲ್ಲಿ ಒಂದೇ ಉಸಿರಿಗೆ ಹತ್ತಿಸಿ ಹೋಗಿಬಿಡುತ್ತಿದ್ದ, ಎಡಕ್ಕೆ ನೋಡದೆ. ನೋಡದಿದ್ದರೂ ಕುಷ್ಟ ಅಲ್ಲಿರುವುದು ಗೊತ್ತಾಗುತ್ತಿತ್ತು. ಕುಷ್ಟ ಈಗ ಗಾಡಿ ಹೊಡೆಯುವುದಿಲ್ಲ. ಕೋಲೂರಿಕೊಂಡು ಬೆಳಿಗ್ಗೆ ಬಂದು ಹಾಯ್ಗುಳಿಯ ಅಂಗಳ ಗುಡಿಸುತ್ತಾನೆ, ತರಗೆಲೆ ಒಟ್ಟುಮಾಡುತ್ತಾನೆ, ದೀಪಕ್ಕೆ ಎಣ್ಣೆ ಹಾಕುತ್ತಾನೆ, ಹೆಂಡತಿ ಬಾಗಿ ಗದ್ದೆ ಕೆಲಸ ಮುಗಿಸಿ ಬಂದು ಕರೆದೊಯ್ಯುವವರೆಗೆ ಅಲ್ಲೇ ಇರುತ್ತಾನೆ. ಒಮ್ಮೆ, ಹೋದ ವರ್ಷ, ಒಡೆಯರ ಮಗಳು ಸ್ವರ್ಣಲತಾ ಹಟ ಮಾಡಿ ಅಲ್ಲಿ ಕಾರು ನಿಲ್ಲಿಸಿದಾಗ ಕುಷ್ಟ ಕುಂಟುತ್ತ ಬಂದು ಅಣ್ಣಯ್ಯನ ಅಂಗೈಯಲ್ಲಿ ಅಡಿಕೆ ಹಿಂಗಾರದ ಎಸಳು ಇಟ್ಟು, ನಿಮ್ಮ ಕೈಯಲ್ಲಿ ಹಾಯ್ಗುಳಿ ಕೂತಿದ್ದಾನೆ ಡ್ರೈವರ್ರೇ, ಅವತ್ತು ನಾನು ನೋಡಿದ್ದೇನೆ, ನಿಮ್ಮ ಡೋಲು ಕೇಳಿ ದೈವ ಎದ್ದು ಬಂದದ್ದನ್ನು, ಎಂದಿದ್ದ. ಆ ಪ್ರಸಾದವನ್ನು ಕಿವಿಗೆ ಸಿಕ್ಕಿಸಿಕೊಳ್ಳಲೂ ಆಗದೆ ಎಸೆಯಲೂ ಆಗದೆ ಅಂಗಿಯ ಕಿಸೆಯಲ್ಲಿ ಒಣಗುವವರೆಗೆ ಇಟ್ಟುಕೊಂಡಿದ್ದ.

ದರ್ಶನದ ದಿನ ಪಾತ್ರಿಗೆ ಮೈಮೇಲೆ ಬರಲು ತಡವಾಗಿತ್ತು. ಕೆಂಪು ಪಟ್ಟೆ ಉಟ್ಟು, ಕೈಯಲ್ಲಿ ಹಿಂಗಾರ ಹಿಡಿದು ಕಲ್ಲಿನ ಮುಂದೆ ನಿಂತ ಮನುಷ್ಯ ಒಮ್ಮೆ ನಡುಗಿ ಮತ್ತೆ ಮನುಷ್ಯನೇ ಆಗುತ್ತಿದ್ದ. ಬಿದಿರ ದಬ್ಬೆ ಕಟ್ಟಿದ ಕಾಲನ್ನು ಚಾಚಿಕೊಂಡು ಕುಷ್ಟ ಚಾಪೆಯ ಮೇಲೆ ಮಲಗಿದ್ದ. ಅಣ್ಣಯ್ಯ ಬಾರಿಸುತ್ತಿದ್ದ. ನಡೆ ಏರುತ್ತ ಹೋದಂತೆ ಪಾತ್ರಿಯ ಮೈ ಅದಕ್ಕೆ ಸಿಕ್ಕಿತು, ಹೆಜ್ಜೆ ಕಲ್ಲಿನಿಂದ ಬಿಟ್ಟುಕೊಂಡು ಸುತ್ತ ಬಂತು, ಕಣ್ಣು ಒಬ್ಬೊಬ್ಬರ ಮುಖದ ಮೇಲೂ ನಿಂತು ಮುಂದೆ ಹೋಯಿತು. ಹೋಗಿ ಅಣ್ಣಯ್ಯನ ಮೇಲೆ ನಿಂತಿತು. ಬಾಯಿ ತೆರೆಯಿತು. ಆ ಗಳಿಗೆಯಲ್ಲಿ ಒಂದು ಖಾಲಿ ಬರಬೇಕಿತ್ತು. ದೈವ ನುಡಿಯುವ ಮುಂಚೆ ಡೋಲು ಒಂದು ಉಸಿರು ಬಿಟ್ಟುಕೊಡಬೇಕು; ಏಳು ವರ್ಷದ ಹುಡುಗನಾಗಿದ್ದಾಗಲೇ ಅವನಿಗೆ ಗೊತ್ತಿದ್ದ ಕ್ರಮ. ಅಣ್ಣಯ್ಯ ಬಿಟ್ಟುಕೊಡಲಿಲ್ಲ. ಅವನ ಕೈ ಇನ್ನೂ ಬಿರುಸಾಯಿತು, ಪೆಟ್ಟಿನ ಮೇಲೆ ಪೆಟ್ಟು, ನಡುವೆ ಒಂದು ಎಳೆ ನೂಲು ತೂರಿಸಲು ಜಾಗವಿಲ್ಲದಂತೆ. ಪಾತ್ರಿ ಆ ಪೆಟ್ಟಿಗೆ ತಿರುಗಿದ, ಮತ್ತೊಂದು ಸುತ್ತು ತಿರುಗಿದ, ಡೋಲು ನಿಂತಾಗ ಅವನ ಮುಖ ಚಾಪೆಯ ಕಡೆಗಿತ್ತು. ನಿನ್ನ ಅಪ್ಪ ಹೇಳಿಕೊಂಡ ಹರಕೆ ಎಲ್ಲಿ ಎಂದು ದೈವ ಕುಷ್ಟನನ್ನು ಕೇಳಿತು. ಕುಷ್ಟನ ಅಪ್ಪ ಹರಕೆ ಹೇಳಿಕೊಂಡದ್ದು ನಿಜ, ತೀರಿಸದೆ ಸತ್ತದ್ದೂ ನಿಜ. ಇಡೀ ಊರಿಗೆ ಒಮ್ಮೆಲೇ ನೆನಪಾಯಿತು. ಕುಷ್ಟ ಮಲಗಿದಲ್ಲಿಂದಲೇ ಅತ್ತು ತಪ್ಪು ಒಪ್ಪಿಕೊಂಡ. ಎತ್ತು ಎರಡನ್ನೂ ಮಾರಿ ಹರಕೆ ತೀರಿಸಿದ.

ತನ್ನ ಕೈಯೇ ಆ ಮಾತನ್ನು ತಿರುಗಿಸಿತೋ? ಹಾಗೆಂದು ನಂಬಿದರೆ ಹಾಯ್ಗುಳಿಗೆ ತನ್ನ ನಾಲಗೆ ತನ್ನ ಸ್ವಾಧೀನದಲ್ಲಿಲ್ಲ ಎಂದಾಗುತ್ತದೆ, ಒಬ್ಬ ಡೋಲಿನವನ ಹೆದರಿಕೆಗೆ ಕುಣಿಯುವ ದೈವ ಎಂದಾಗುತ್ತದೆ. ಹಾಗೆ ಯೋಚಿಸುವುದಕ್ಕೂ ಅಣ್ಣಯ್ಯನಿಗೆ ಭಯ. ದೈವ ಹೇಳಿದ್ದೇ ಸತ್ಯವೆಂದು ನಂಬಿದರೆ ತನ್ನ ತಪ್ಪು ಏನೂ ಇಲ್ಲ, ತನ್ನನ್ನು ದೈವವೇ ಬಿಟ್ಟಿದೆ. ಆದರೆ ದೈವ ಬಿಟ್ಟವನಿಗೆ ನಿದ್ದೆ ಬರಬೇಕಲ್ಲ. ಮೂರು ವರ್ಷದಲ್ಲಿ ಅವನು ಈ ಎರಡು ಮಾತಿನ ನಡುವೆ ಎಷ್ಟು ಸಲ ಓಡಾಡಿದ್ದಾನೆಂದರೆ, ಕುಂದಾಪುರ ಬ್ರಹ್ಮಾವರದ ನಡುವೆ ಅಷ್ಟು ಸಲ ಗಾಡಿ ಓಡಿಸಿಲ್ಲ.

ಏರು ಬಂತು. ಎರಡನೇ ಗೇರು. ಒಂದೇ ಉಸಿರಿಗೆ ಹತ್ತಿಸಿಬಿಟ್ಟರೆ ಆಯಿತು ಎಂದುಕೊಳ್ಳುತ್ತಿದ್ದಂತೆ ಇನ್ಸ್‌ಪೆಕ್ಟರರು ಬೆನ್ನಿಗೆ ತಾಗಿದ ಸೀಟಿನಿಂದಲೇ ರಸ್ತೆ ಏರಿದ್ದನ್ನು ತಿಳಿದು ಕಣ್ಣು ತೆರೆದರು. 'ಇಲ್ಲಿ ನಿಲ್ಲಿಸಿ,' ಎಂದರು.

ಅಣ್ಣಯ್ಯನ ಕಾಲು ಬ್ರೇಕಿಗೆ ಹೋಯಿತು. ಎಡಗೈ ತಾನಾಗಿ ಹ್ಯಾಂಡ್ ಬ್ರೇಕನ್ನು ಎಳೆದು ಹಲ್ಲಿಗೆ ಸಿಕ್ಕಿಸಿತು. ಗಾಡಿ ನಿಂತದ್ದು ಹೊನ್ನೆಮರದ ನೇರಕ್ಕೆ. ಪರೀಕ್ಷೆಯ ಕೊನೆಯ ಭಾಗ ಇದು ಎಂದು ಇನ್ಸ್‌ಪೆಕ್ಟರರು ವಿವರಿಸಿದರು: ಇಂಜಿನ್ನು ಆರಿಸಬೇಕು, ಹಿಂದಿನ ಚಕ್ರದ ಬುಡದಲ್ಲಿ ಬೆಂಕಿಪೆಟ್ಟಿಗೆ ಇಡಿಸುತ್ತೇನೆ, ಮತ್ತೆ ಇಂಜಿನ್ನು ಹೊತ್ತಿಸಿ ಮುಂದಕ್ಕೆ ಹೋಗಬೇಕು, ಪೆಟ್ಟಿಗೆ ಅಪ್ಪಚ್ಚಿಯಾದರೆ ಆರು ತಿಂಗಳು ಬಿಟ್ಟು ಬನ್ನಿ. ಕಿಸೆಯಿಂದ ಪೆಟ್ಟಿಗೆ ತೆಗೆದು, ಇಳಿಯುವ ಶ್ರಮ ಯಾಕೆಂದೋ ಏನೋ, ಮರದಡಿಯಲ್ಲಿ ಗುಡಿಸುತ್ತಿದ್ದವನನ್ನು ಕೈಬೀಸಿ ಕರೆದರು.

ಕುಷ್ಟ ಹಿಡಿಸೂಡಿಯನ್ನು ಮರಕ್ಕೆ ಒರಗಿಸಿ ಕೋಲೂರಿಕೊಂಡು ಬಂದ. ಕಾರು ಯಾರದ್ದೆಂದು ಕಂಡು ಅವನ ಮುಖ ಅರಳಿತು. ಬೆಂಕಿಪೆಟ್ಟಿಗೆಯ ವಿಷಯ ತಿಳಿದ ಮೇಲೆ ಅದು ಬಹಳ ದೊಡ್ಡ ಕೆಲಸವೆನ್ನುವಂತೆ ಎರಡು ಕೈಯಲ್ಲೂ ತೆಗೆದುಕೊಂಡು ಹಿಂದಕ್ಕೆ ಹೋದ. ಅಣ್ಣಯ್ಯನಿಗೆ ಅವನು ಕಾಣಿಸುತ್ತಿರಲಿಲ್ಲ. ಕೋಲು ಮುರಕಲ್ಲಿಗೆ ತಾಗುವ ಶಬ್ದ, ಆಮೇಲೆ ಕೂರಲು ಕಷ್ಟಪಡುವವನ ನಿಟ್ಟುಸಿರು. ಆ ಕಾಲು ಮಡಚುವುದಿಲ್ಲ. ಅದನ್ನು ಚಾಚಿಕೊಂಡೇ ಕೂತಿರಬೇಕು, ಚಕ್ರದ ಹಿಂದೆಯೇ, ಅವತ್ತು ಇದ್ದ ಜಾಗದಲ್ಲೇ.

'ಕುಷ್ಟಣ್ಣ, ಬದಿಗೆ ಹೋಯ್ನಿ,' ಎಂದ ಅಣ್ಣಯ್ಯ. ಎರಡನೇ ಸಲ ಹೇಳಬೇಕಾಯಿತು.

'ನಾ ಬದಿಗಿದ್ದೆ ಡ್ರೈವರ್ರೇ. ನೀವ್ ಬಿಡಿ.'

ಬದಿಗೆ ಎಂದರೆ ಎಷ್ಟು ಬದಿಗೆ? ಇಂಜಿನ್ನು ಹೊತ್ತಿಕೊಂಡಿತು. ಅಣ್ಣಯ್ಯನಿಗೆ ತನ್ನ ಬೆರಳುಗಳು ಕಾಣಿಸಿದವು, ಹ್ಯಾಂಡ್ ಬ್ರೇಕಿನ ಕಬ್ಬಿಣವನ್ನು ಸುತ್ತಿಕೊಂಡು ಬಿಳಿಚಿಕೊಂಡಿದ್ದವು. ಬಿಡಬೇಡ ಎಂದು ಯಾರೋ ಹೇಳಿದಂತಾಯಿತು. ಬಿಡದಿದ್ದರೆ ಮುಂದೆ ಹೋಗುವುದೆಂತು ಎಂದು ಇನ್ನೊಬ್ಬರು. ಒಂದು ಗಳಿಗೆ ಅವನಿಗೆ ಏನೂ ಗೊತ್ತಾಗಲಿಲ್ಲ, ಕ್ಲಚ್ಚು ಎಲ್ಲಿ, ಬ್ರೇಕು ಎಲ್ಲಿ, ಯಾವ ಕಾಲು ಯಾವುದರ ಮೇಲೆ. ಆದರೆ ಕಾಲಿಗೆ ಗೊತ್ತಿತ್ತು. ಎಡ ಪಾದ ಕೂದಲೆಳೆಯಷ್ಟು ಎದ್ದಿತು, ಇಂಜಿನ್ನಿನ ದನಿ ತಗ್ಗಿ ಭಾರ ಹೊತ್ತುಕೊಂಡಿತು, ಬಲ ಪಾದ ಅದನ್ನು ಎತ್ತಿಹಿಡಿಯಿತು, ಗಾಡಿಯ ಮೂತಿ ತುಸುವೇ ಮೇಲೆದ್ದಾಗ, ಸರಿಯಾಗಿ ಆ ಖಾಲಿಯಲ್ಲಿ, ಕೈ ಬ್ರೇಕನ್ನು ಇಳಿಸಿತು. ಕಾರು ಒಂದು ನೂಲೂ ಹಿಂದೆ ಸರಿಯದೆ, ನಿದ್ದೆಯಿಂದ ಎದ್ದ ಹಸುವಿನಂತೆ ಮುಂದೆ ಹೋಯಿತು. ಹತ್ತು ಮಾರು ಹೋಗಿ ಮತ್ತೆ ನಿಲ್ಲಿಸಿ ಬ್ರೇಕು ಎಳೆದ. ಮೈಯೆಲ್ಲ ಬೆವತಿತ್ತು.

ಕುಷ್ಟ ಏರು ಹತ್ತಿ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬೆಂಕಿಪೆಟ್ಟಿಗೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಅಣ್ಣಯ್ಯನ ಕಿಟಕಿಗೆ ಬಂದ. ಒಂದು ಮೂಲೆಯೂ ನಜ್ಜಾಗಿರಲಿಲ್ಲ. ಕುಷ್ಟನ ಕಣ್ಣಲ್ಲಿ ನೀರಿತ್ತು. 'ನಿಂತಿತ್ತ್ ಕಾಣಿ. ಇಂಜಿನ್ ಆರ್ಸಿರೂ ನಿಂತಿತ್ತ್. ಹಾಯ್ಗುಳಿ ಹಿಡ್ದ ಡ್ರೈವರ್ರೇ. ಮೂರ್ ವರ್ಷ ಗುಡ್ಸದ್ದನ್ನ ಇವತ್ತ್ ಒಪ್ಪಿಸ್ಕಂಡ.'

ಇನ್ಸ್‌ಪೆಕ್ಟರರಿಗೆ ಆ ವೇಗದ ಮಾತು ಅರ್ಧವೂ ಆಗಿರಲಾರದು. ಅವರು ಮಡಿಲ ಮೇಲೆ ಕಾಗದ ಬಿಡಿಸಿ ಪೆನ್ನು ತೆಗೆದಿದ್ದರು. ಕೈ ಚೆನ್ನಾಗಿದೆ, ನನಗೆ ನಿದ್ದೆಯೇ ಬರುತ್ತಿತ್ತು ಎಂದು ಒಂದೆರಡು ಕಡೆ ಗುರುತು ಹಾಕಿದರು. ಆಮೇಲೆ ಕಾಗದದಿಂದ ಓದುತ್ತ, 'ಈವರೆಗೆ ನಿಮ್ಮ ಕೈಯಿಂದ ಅಪಘಾತ ಏನಾದರೂ ಆಗಿದೆಯೋ?' ಎಂದು ಕೇಳಿದರು. ಎಲ್ಲರನ್ನೂ ಕೇಳುವ, ಎಲ್ಲರೂ ಇಲ್ಲವೆನ್ನುವ ಪ್ರಶ್ನೆ ಕೇಳುವ ದನಿಯಲ್ಲಿ.

ಅಣ್ಣಯ್ಯ ಬಾಯಿ ತೆರೆಯುವ ಮುಂಚೆ ಕುಷ್ಟನೇ ಉತ್ತರ ಕೊಟ್ಟ. ಇಲ್ಲ ಸ್ವಾಮಿ, ಇವರ ಕೈಯಿಂದ ಏನೂ ಆಗಿಲ್ಲ, ನನ್ನ ಕಾಲು ಹೋದದ್ದು ನನ್ನ ಅಪ್ಪನ ಹರಕೆಯಿಂದ, ದೈವವೇ ಹೇಳಿದೆ, ಬೇಕಾದರೆ ಊರವರನ್ನು ಕೇಳಿ ಎಂದು ತನಗೆ ತಿಳಿದ ಶುದ್ಧ ಕನ್ನಡದಲ್ಲಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ. ಹೇಳಿ ಅಣ್ಣಯ್ಯನ ಕಡೆ ನೋಡಿದ, ಉಪಕಾರ ಮಾಡಿದವನ ಸಂಕೋಚದಿಂದ.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಕುಷ್ಟನಿಗೆ ಅವನ ಸಂತೋಷ, ತನಗೆ ಬ್ಯಾಡ್ಜು, ಹಾಯ್ಗುಳಿಗೆ ಅದರ ಮರ್ಯಾದೆ. ಯಾರಿಗೂ ಏನೂ ನಷ್ಟವಿರಲಿಲ್ಲ. ಅಷ್ಟರಲ್ಲಿ ಅಣ್ಣಯ್ಯನೊಳಗೆ ಎದ್ದದ್ದು ಪಶ್ಚಾತ್ತಾಪವಲ್ಲ, ಒಂದು ಸಣ್ಣ ಸಿಟ್ಟು. ಹಿಡಿದದ್ದು ಹಾಯ್ಗುಳಿಯಲ್ಲ, ನಾನು ಎಂಬ ಸಿಟ್ಟು. ಜೀವಮಾನದಲ್ಲಿ ಒಮ್ಮೆ ಈ ಕೈ ಮಾಡಬೇಕಾದ್ದನ್ನು ಮಾಡಬೇಕಾದ ಹಾಗೆ ಮಾಡಿದಾಗ ಅದು ಇನ್ನೊಬ್ಬರ ಹೆಸರಿಗೆ ಹೋಯಿತಲ್ಲ ಎಂಬ ಸಿಟ್ಟು. ಆ ಸಿಟ್ಟೇ ಬಾಯಿಗೆ ಬಂತು. ಸತ್ಯ ಹೊರಗೆ ಬರುವುದಕ್ಕೆ ಒಳ್ಳೆಯ ಬಾಗಿಲನ್ನೇ ಕಾಯುವುದಿಲ್ಲ ಎಂದು ಅವನು ಆಮೇಲೆ ಎಷ್ಟೋ ದಿನ ಸಮಾಧಾನ ಮಾಡಿಕೊಳ್ಳಲು ನೋಡಿದ.

'ಹಾಯ್ಗುಳಿ ಅಲ್ಲ ಕುಷ್ಟಣ್ಣ,' ಎಂದ. 'ಹ್ಯಾಂಡ್ ಬ್ರೇಕ್.'

ಕುಷ್ಟನಿಗೆ ತಿಳಿಯಲಿಲ್ಲ. ಎಂತದು ಎಂದ. ಅಣ್ಣಯ್ಯ ಬಾಗಿಲು ತೆರೆದು ತೋರಿಸಿದ. ಕುಷ್ಟ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಒಳಗೆ ಬಗ್ಗಿ, ಅಣ್ಣಯ್ಯನ ಮೊಣಕಾಲಿನ ಮೇಲಿಂದ ಕೈ ಚಾಚಿ ಆ ಕಬ್ಬಿಣದ ದಂಡವನ್ನು ಮುಟ್ಟಿದ. ಮೊಳದಷ್ಟು ಉದ್ದ, ತುದಿಯಲ್ಲಿ ಹಿಡಿದು ಹಿಡಿದು ನುಣುಪಾದದ್ದು. ಅದನ್ನು ಮೇಲಿಂದ ಕೆಳಗೆ ಒಮ್ಮೆ ಸವರಿದ.

'ಇಷ್ಟೇಯಾ?'

'ಇಷ್ಟೇ.'

'ಅವತ್ತೂ ಇದ್ದಿತ್ತಾ ಇದ್?'

'ಇದ್ದಿತ್ತ್.'

'ಎಳ್ದಿರೆ ನಿಲ್ತಿತ್ತಾ?'

'ನಿಲ್ತಿತ್ತ್.'

'ಎಂತಕ್ ಎಳೀಲಿಲ್ಲೆ?'

ಅಣ್ಣಯ್ಯ ಹೇಳಿದ. ಎರಡೂ ಕೈ ಮುಗಿದಿದ್ದೆ ಎಂದ. ಒಡೆಯರು ನೋಡಲಿ ಎಂದು ಮುಗಿದಿದ್ದೆ ಎಂದ. ದರ್ಶನದ ದಿನ ಪಾತ್ರಿ ತನ್ನ ಕಡೆ ನೋಡಿ ಬಾಯಿ ತೆರೆದಾಗ ಬಾರಿಸುವುದನ್ನು ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ ಎಂದೂ ಹೇಳಿದ. ಹೇಳುವಾಗ ಕುಷ್ಟನ ಮುಖ ನೋಡಲಾಗದೆ ಅವನ ಕೈಯನ್ನೇ ನೋಡುತ್ತಿದ್ದ. ಆ ಕೈ ದಂಡವನ್ನು ಬಿಟ್ಟಿರಲಿಲ್ಲ. ಇನ್ಸ್‌ಪೆಕ್ಟರರು ಪೆನ್ನಿನ ಮುಚ್ಚಳ ಹಾಕಿ ಕಾಗದವನ್ನು ಮಡಚಿದರು. ಎಲ್ಲ ಅರ್ಥವಾಗದಿದ್ದರೂ ಬೇಕಾದಷ್ಟು ಅರ್ಥವಾಗಿತ್ತು. ಇದನ್ನು ಬರೆಯದೆ ಬಿಡಲು ನನಗೆ ಅಧಿಕಾರವಿಲ್ಲ, ಬರೆದರೆ ಮಂಗಳೂರಿನಲ್ಲಿ ಏನು ಮಾಡುತ್ತಾರೋ ಹೇಳಲಾರೆ, ಬ್ಯಾಡ್ಜು ಇವತ್ತಿಗಂತೂ ಇಲ್ಲ, ಎಂದು ಮೊದಲಿನಷ್ಟೇ ಮೆತ್ತಗೆ ಹೇಳಿದರು. ಅಣ್ಣಯ್ಯನಿಗೆ ಅದು ಬಹಳ ದೂರದಲ್ಲಿ ಯಾರಿಗೋ ಹೇಳಿದ ಮಾತಿನಂತೆ ಕೇಳಿಸಿತು.

ಕುಷ್ಟ ಬಯ್ಯುತ್ತಾನೆ ಎಂದುಕೊಂಡಿದ್ದ. ಕೋಲೆತ್ತಿ ಹೊಡೆದರೂ ಆದೀತು ಎಂದುಕೊಂಡಿದ್ದ. ಕುಷ್ಟ ಹಿಂದಕ್ಕೆ ಸರಿದು ನೆಟ್ಟಗೆ ನಿಂತ. ಮುಖದಲ್ಲಿದ್ದ ಬೆಳಕು ಹೋಗಿತ್ತು. ಅಲ್ಲಿ ಸಿಟ್ಟೂ ಇರಲಿಲ್ಲ. ಮನೆಯ ಬಾಗಿಲು ತೆರೆದು ಒಳಗೆ ಬಂದು, ಒಳಗೆ ಮನೆಯೇ ಇಲ್ಲದ್ದನ್ನು ಕಂಡವನ ಹಾಗೆ ಇದ್ದ.

'ಹಂಗಾರ್ ನಾ ಮೂರ್ ವರ್ಷ ಗುಡ್ಸದ್ದ್ ಯಾರಿಗೆ?'

ಅಣ್ಣಯ್ಯ ಎತ್ತು ತಂದುಕೊಡಬಹುದು, ವರ್ಷವಿಡೀ ದುಡಿದು ಹಾಕಬಹುದು, ಕಾಲು ಹಿಡಿಯಬಹುದು. ಅಷ್ಟೂ ಮಾಡಿದರೂ ತುಂಬದ ಒಂದನ್ನು ಅವನು ಈಗ ತಾನೇ ಕುಷ್ಟನಿಂದ ಕಿತ್ತುಕೊಂಡಿದ್ದ. ತಪ್ಪಾಯ್ತು ಕುಷ್ಟಣ್ಣ ಎಂದ. ಆ ಮಾತು ಕುಷ್ಟನವರೆಗೆ ಹೋಗದೆ ನಡುವೆಯೇ ಎಲ್ಲೋ ಬಿತ್ತು.

ಕುಷ್ಟ ಏರಿನಲ್ಲಿ ಕೆಳಗೆ ಮರದಡಿಯ ಕಲ್ಲಿನ ಕಡೆ ನೋಡಿದ. ಆಮೇಲೆ, ಇಷ್ಟು ವರ್ಷ ಡ್ರೈವರ್ರೇ ಎನ್ನುತ್ತಿದ್ದವನು, ಹೆಸರು ಹಿಡಿದ.

'ನಂಗ್ ಹೇಳುದೆಂತಕ್ಕ್ ಅಣ್ಣಯ್ಯ? ಅವ್ನಿಗ್ ಹೇಳ್. ಸುಳ್ಳ್ ಹೇಳ್ದವ ನೀನಾ ಅವ್ನಾ ನಂಗೂ ಗೊತ್ತಾಗ್ಲಿ.'

ಇನ್ಸ್‌ಪೆಕ್ಟರರ ಕಡೆ ಅಣ್ಣಯ್ಯ ನೋಡಿದ. ಅವರು ಬೇಡವೆನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ರಸ್ತೆಯ ಆಚೆ ಬದಿಯ ಗದ್ದೆಯನ್ನು ನೋಡುತ್ತ ಕೂತರು. ಅಣ್ಣಯ್ಯ ಇಳಿದ. ಕಾರು ಅವನ ಬೆನ್ನ ಹಿಂದೆ ಏರಿನಲ್ಲಿ ನಿಂತಿತ್ತು. ಇಳಿಜಾರಿನಲ್ಲಿ ಕುಷ್ಟ ಮುಂದೆ, ಅವನು ಹಿಂದೆ; ಕುಂಟುವವನ ಹೆಜ್ಜೆಗೆ ತನ್ನ ಹೆಜ್ಜೆಯನ್ನು ತಗ್ಗಿಸಿಕೊಂಡು ನಡೆಯಬೇಕಾಯಿತು, ಆ ಸ್ವಲ್ಪ ದಾರಿ ಬಹಳ ಉದ್ದವಾಯಿತು. ಅರ್ಧ ಗುಡಿಸಿ ಬಿಟ್ಟ ಅಂಗಳದಲ್ಲಿ ತರಗೆಲೆ ಒಂದು ಬದಿಗೆ ಗುಪ್ಪೆಯಾಗಿತ್ತು, ಇನ್ನೊಂದು ಬದಿಗೆ ಹಾಗೇ ಹರಡಿತ್ತು. ಕುಷ್ಟ ಮರಕ್ಕೆ ಒರಗಿ ನಿಂತ, ಪಂಚಾಯ್ತಿಗೆ ಕೂತವನ ಹಾಗೆ. ಅಣ್ಣಯ್ಯ ಮೆಟ್ಟು ಕಳಚಿ ಕಲ್ಲಿನ ಎದುರು ಹೋದ. ಕೈ ಎರಡೂ ಅಭ್ಯಾಸಬಲದಿಂದ ಎದೆಯವರೆಗೆ ಎದ್ದವು. ಒಂದಕ್ಕೊಂದು ತಾಗುವ ಮುಂಚೆ ಅವನು ಅವುಗಳನ್ನು ಕೆಳಗೆ ಇಳಿಸಿ, ತೊಡೆಗೆ ಒತ್ತಿ ಹಿಡಿದುಕೊಂಡ. ಹಾಗೆ ದೇವರ ಎದುರು ಕೈ ಮುಗಿಯದೆ ಅವನು ಎಂದೂ ನಿಂತವನಲ್ಲ. ಆಮೇಲೆ, ಕುಷ್ಟನಿಗೂ ಕೇಳಿಸುವಷ್ಟು ಗಟ್ಟಿಯಾಗಿ, ತನ್ನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ, ಬಿಜೂರು ಎಂದು ಊರು ಹೇಳಿದ.